ಮುಂದಿನ ಫೋಟೋ

ಹೆದ್ದಾರಿಯ ಮಂಜಿಗೆ ಸಿಕ್ಕ ಕಾರಿನೊಳಗೆ ಎರಡು ಸಲ ಹಾರ್ನ್ ಒತ್ತುವಷ್ಟರಲ್ಲಿ ಹೊರಗೆ ವರ್ಷಗಳೇ ಉರುಳಿಬಿಡುತ್ತಿದ್ದವು. ಅದಕ್ಕೇ ಎಲ್ಲರ ಎಮರ್ಜೆನ್ಸಿ ಕಿಟ್ಟಿನಲ್ಲೂ ಹಗ್ಗ, ಟಾರ್ಚು, ನೀರಿನ ಬಾಟಲಿಯ ಜೊತೆ ಮನೆಯವರ ‘ಮುಂದಿನ ಫೋಟೋ’ ಇರುತ್ತಿತ್ತು. ತಡವಾಗಿ ಬಂದವರಿಗೆ ಗುರುತು ಸಿಗಲೆಂದು, ವಯಸ್ಸಾದ ಮುಖವನ್ನು ಸ್ಟುಡಿಯೋದವರೇ ತಯಾರಿಸಿ ಕೊಡುತ್ತಿದ್ದರು.

ಅವತ್ತು ಗಂಡನ ಕಾರಿಗೆ ಕಿಟ್ ಜೋಡಿಸುತ್ತಿದ್ದ ನಳಿನಿಗೆ ತನ್ನ ಫೋಟೋ ನೋಡಿ ಮೈ ಉರಿಯಿತು. ನರೆತ ಕೂದಲು, ಜೋತ ಕೆನ್ನೆ, ಥೇಟ್ ಅಮ್ಮ! ಅದನ್ನು ಹರಿದೆಸೆದು ಮದುವೆಯ ಫೋಟೋ ಇಟ್ಟಳು.

“ಎಲ್ಲಾ ಇಟ್ಟಿದ್ದೀಯ ತಾನೇ?” ಎಂದ ಮುರಳೀಧರ.

“ಇಟ್ಟಿದ್ದೀನಿ, ಹೊರಡಿ. ಇಲ್ಲೇ ಚಿಂತಾಮಣಿಗೆ ತಾನೇ ಹೋಗ್ತಿರೋದು?”

ಆ ಹರಿದ ಚೂರುಗಳನ್ನು ನೆನೆದು ಅವಳು ಕೊರಗದ ದಿನವಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ, ಅವಳೇ ಇಸ್ತ್ರಿ ಮಾಡಿದ್ದ ಅಂಗಿಯಲ್ಲಿ, ಮಡಿಕೆ ಕೂಡ ಮುದುರದೆ, ಅವನು ನಿಂತಿದ್ದ. ಕೈಯಲ್ಲಿ ಮದುವೆಯ ಫೋಟೋ.

“ಅರೆ, ಅತ್ತೆ, ನೀವ್ಯಾವಾಗ ಬಂದ್ರಿ? ಮಂಜಲ್ಲಿ ಸಿಕ್ಕಾಕ್ಕೊಂಡಿದ್ದೆ, ಸ್ವಲ್ಪ ತಡ ಆಯ್ತು. ನಳಿನಿ ಎಲ್ಲಿ?”

ಅವಳು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು.

“ಒಳಗಿದ್ದಾಳೆ, ಬನ್ನಿ.”