ಹತ್ತು ವರ್ಷದ ರಸ್ತೆ

ಬೆಳಗಿನ ಏಳು ಗಂಟೆಗೆ ಕಂಟ್ರಾಕ್ಟರು ನಡುರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟರು. ಜಲ್ಲಿ ತುಂಬಿದ ಲಾರಿ ಮೂರು ಮಾರು ದೂರದಲ್ಲಿ ಕಿರ್ರೆಂದು ನಿಂತಿತು. ಜೊತೆಗೆ ವಾಕಿಂಗ್ ಬಂದಿದ್ದ ಹೆಂಡತಿ, ತಮಗೂ ಇವರಿಗೂ ಸಂಬಂಧವೇ ಇಲ್ಲವೆಂಬಂತೆ ಬದಿಗೆ ಸರಿದರು.

“ಏನ್ರೀ, ಇದೇನು ನಿಮ್ಮಪ್ಪನ ರಸ್ತೇನಾ?” ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ.

“ನಮ್ಮಪ್ಪಂದಲ್ಲ, ನಂದೇ. ಇನ್ನೂ ಎಂಟು ವರ್ಷ ನಂದೇ.”

ಮಾತು ಸುಳ್ಳಲ್ಲ. ಮೂವತ್ತು ವರ್ಷ ಅವರು ರಸ್ತೆ ಮಾಡಿದ್ದು ಬೇರೆ ಥರ. ಎಲ್ಲರಿಗಿಂತ ಕಡಿಮೆ ರೇಟು ಬರೆದು ಟೆಂಡರ್ ಹಿಡಿಯುವುದು, ಡಾಂಬರು ಬಳಿದು ಬಿಲ್ಲು ಪಾಸು ಮಾಡಿಸಿಕೊಳ್ಳುವುದು, ಮತ್ತೆ ಆ ಕಡೆ ತಲೆ ಹಾಕಿಯೂ ಮಲಗದಿರುವುದು. ಈ ರಸ್ತೆಯ ಹೊತ್ತಿಗೆ ಇಲಾಖೆಗೆ ಬಂದ ಹೊಸ ಎಂಜಿನಿಯರಮ್ಮ ಕರಾರನ್ನೇ ಬದಲಿಸಿದ್ದರು. ರಸ್ತೆ ಹಾಕಿದವರೇ ಅದನ್ನು ಹತ್ತು ವರ್ಷ ನೋಡಿಕೊಳ್ಳಬೇಕು. ಗುಂಡಿ ಬಿದ್ದರೆ ಮೂರು ದಿನದೊಳಗೆ ಸ್ವಂತ ಖರ್ಚಿನಲ್ಲಿ ಮುಚ್ಚಬೇಕು. ಗೊಣಗುತ್ತಲೇ ಸಹಿ ಹಾಕಿದ ಕಂಟ್ರಾಕ್ಟರು, ಆಮೇಲೆ ತಾವೇ ನಿಂತು ತಳಕ್ಕೆ ಗಟ್ಟಿ ಕಲ್ಲು ಹಾಸಿಸಿದರು, ನೀರು ಹರಿದುಹೋಗಲು ಸರಿಯಾದ ಇಳಿಜಾರು ಕೊಡಿಸಿದರು. ಈಗ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಬಂದು ರಸ್ತೆಯ ಮುಖ ನೋಡಿಕೊಂಡು ಹೋಗುತ್ತಾರೆ. ಹೆತ್ತ ಮಕ್ಕಳ ಮುಖವನ್ನೂ ಈ ಮನುಷ್ಯ ಇಷ್ಟು ನೋಡಿದವರಲ್ಲ ಎಂಬುದು ಹೆಂಡತಿಯ ದೂರು.

ಭಾರಕ್ಕೆ ಲಾರಿಯ ಟೈರುಗಳು ಚಪ್ಪಟೆಯಾಗಿ ಕೂತಿದ್ದವು. ಇಷ್ಟು ಹೇರಿಕೊಂಡು ಇಲ್ಲಿ ಹೋಗುವ ಹಾಗಿಲ್ಲ, ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ಸುತ್ತಿಕೊಂಡು ಹೋಗು ಎಂದು ಕಂಟ್ರಾಕ್ಟರು ಕೈ ತೋರಿಸಿದರು.

ಡ್ರೈವರನ ಮುಖ ಸಪ್ಪಗಾಯಿತು. “ಆ ರಸ್ತೇಲಾ? ಹೋದ ತಿಂಗಳು ಅಲ್ಲೇ ಆಕ್ಸಲ್ ಕಟ್ಟಾಯ್ತು ಸಾರ್. ಆ ರಸ್ತೆ ಮಾಡಿದ ಪುಣ್ಯಾತ್ಮನ್ನ ಒಂದ್ಸಲ ಈ ಸೀಟಲ್ಲಿ ಕೂರಿಸ್ಕೊಂಡು ಹೋಗ್ಬೇಕು.”

ಕಂಟ್ರಾಕ್ಟರು ಚರಂಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಹೆಂಡತಿ ಈಗ ಮೆಲ್ಲಗೆ ಹತ್ತಿರ ಬಂದರು.

“ಅದನ್ನ ಮಾಡಿದ್ದೂ ಇವರೇ ಕಣಪ್ಪ.”

ಡ್ರೈವರ್ ಜಗಳ ತೆಗೆಯಲಿಲ್ಲ. ಪಕ್ಕಕ್ಕೆ ಬಾಗಿ ಆಚೆ ಬದಿಯ ಬಾಗಿಲು ತೆರೆದ. ಹೆಗಲ ಮೇಲಿನ ಟವೆಲಿನಿಂದ ಸೀಟಿನ ಧೂಳು ಕೊಡವಿದ.

ಕಂಟ್ರಾಕ್ಟರು ಹೆಂಡತಿಯನ್ನು ನೋಡಿದರು, ಡ್ರೈವರನನ್ನು ನೋಡಿದರು. ಲಾರಿ ನಿಂತಷ್ಟು ಹೊತ್ತೂ ಭಾರವೆಲ್ಲ ತಮ್ಮ ರಸ್ತೆಯ ಮೇಲೇ ಎಂಬುದು ನೆನಪಾಗಿ, ಹತ್ತಿ ಕುಳಿತರು.

ಲಾರಿ ಹಿಂದಕ್ಕೆ ತಿರುಗಿಕೊಳ್ಳುವಾಗ ಹೆಂಡತಿ ಕೆಳಗಿನಿಂದ ಕೂಗಿ ಹೇಳಿದರು: “ರೀ, ಗಟ್ಟಿಯಾಗಿ ಹಿಡ್ಕೊಳ್ಳಿ. ಅದು ಹಳೇ ಟೆಂಡರಿಂದು.”