ಯಾರೂ ಸೀನದ ಮಧ್ಯಾಹ್ನ

ಹೆಬ್ಬಾಳದ ರಸ್ತೆ ಬದಿಯಲ್ಲಿ ಒಣಗಿದ ಎಲೆಗೆ ಯಾರಾದರೂ ಬೆಂಕಿ ಇಟ್ಟರೆ, ಯಲಹಂಕದ ನಮ್ಮ ಒಂದೇ ಕೋಣೆಯ ಮನೆಯ ಆ ಮಧ್ಯಾಹ್ನ ಇಂದಿಗೂ ಮೂಗಿಗೆ ಬಡಿಯುತ್ತದೆ.

ಅಮ್ಮ, ಅಜ್ಜಿ ಇಬ್ಬರೂ ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪಿನ ಪುಡಿ ಎರಡನ್ನೂ ಕಟ್ಟಿದ ಬೀಡಿ ಎಣಿಸಿ ಕೂಲಿ ಕೊಡುವ ಮೇಸ್ತ್ರಿಯೇ ಕೊಡುತ್ತಿದ್ದ. ಪುಡಿಯನ್ನು ಮೊರಕ್ಕೆ ಸುರಿದ ಕೂಡಲೇ ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸೀನುವುದು ವಾಡಿಕೆ. ಅವತ್ತು ಯಾರೂ ಸೀನಲಿಲ್ಲ. ಅಜ್ಜಿ ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದಳು.

“ಇದು ಹೊಗೆಸೊಪ್ಪಲ್ಲ ಕಣಮ್ಮ. ಯಾವ್ದೋ ಒಣಗಿದ ಎಲೆ ಪುಡಿ ಮಾಡಿ ಬೆರೆಸವ್ರೆ. ಮೇಸ್ತ್ರಿಗೆ ಹೇಳು.”

“ಹೇಳಿದ್ರೆ ನಾವೇ ಬೆರೆಸಿದ್ವಿ ಅಂತಾನೆ ಅತ್ತೆ. ಸುಮ್ನೆ ಕಟ್ಟಿ. ಸೇದೋರು ಬೈಕೊಳ್ಲಿ ಬಿಡಿ,” ಎಂದಳು ಅಮ್ಮ.

ಆ ಪುಡಿ ಮುಗಿಯಲು ವಾರ ಹಿಡಿಯಿತು. ಅಜ್ಜಿ ದಿನವೂ ಮೇಸ್ತ್ರಿಯನ್ನು ಬೈದಳು. ಅಮ್ಮನಿಗೆ ಬೈಯುವಷ್ಟೂ ತ್ರಾಣವಿರಲಿಲ್ಲ. ದಾರ ಕಡಿದು, ಬೀಡಿಯನ್ನು ಪಕ್ಕಕ್ಕಿಟ್ಟು, ಮತ್ತೊಂದು ಎಲೆ ಎತ್ತಿಕೊಳ್ಳುತ್ತಿದ್ದಳು.

ಮುಂದಿನ ವಾರ ಅಸಲಿ ಹೊಗೆಸೊಪ್ಪು ಬಂತು. ಮೊರಕ್ಕೆ ಸುರಿದದ್ದೇ ತಡ, ಎಲ್ಲರೂ ಸೀನಿದೆವು.

“ಇದು ನೋಡು ಮಾಲು ಅಂದ್ರೆ!” ಅಜ್ಜಿ ಮುಖ ಅರಳಿಸಿದಳು.

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ವಾರವಿಡೀ ಇಲ್ಲದಿದ್ದ ಅವಳ ಹಳೆಯ ಕೆಮ್ಮು ಮತ್ತೆ ಶುರುವಾಯಿತು.