ಅತ್ತೆಯ ಕೋಣೆಯ ಗೊರಗೊರ

ಕಳ್ಳ ಮನೆಯೊಳಗೇ ಇದ್ದಾನೆಂದು ಹಲ್ಲಿನ ಡಾಕ್ಟರಿಗೆ ಖಾತ್ರಿಯಾದದ್ದು ಗೊರಗೊರ ಶುರುವಾದ ಹದಿನೇಳನೆಯ ಬೆಳಗ್ಗೆ. ಅಟ್ಟದ ಕೋಣೆಯಲ್ಲಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದರು. ರೇಡಿಯೋ ಸದ್ದನ್ನು ಗೆರೆಯಾಗಿ ತೋರಿಸುವ ಕಂಪ್ಯೂಟರ್ ಪರದೆಯ ಮೇಲೆ ಮತ್ತದೇ ದಪ್ಪ ಬಿಳಿ ಪಟ್ಟಿ. ಕಿವಿಯಲ್ಲಿ ಮತ್ತದೇ ಗೊರಗೊರ. ಆ ಪಟ್ಟಿಯಡಿ ಎಲ್ಲೋ, ಕೂದಲೆಳೆಯಷ್ಟು ತೆಳ್ಳಗೆ, ಆಮೆ ಇರಬೇಕಿತ್ತು.

ಆಮೆ ಎಂದರೆ ಸಾಗರದಾಚೆಯ ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುವ ರೇಡಿಯೋ ಹವ್ಯಾಸಿ. ತೀರಾ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಉದ್ದ, ಗಿಡ್ಡ ಸದ್ದುಗಳ ಮೋರ್ಸ್ ಸಂಕೇತ ಕಳಿಸುತ್ತಾನೆ. ಒಂದು ಅಕ್ಷರಕ್ಕೆ ಐದು ನಿಮಿಷ. ಹೆಸರು ಬಂದದ್ದೇ ಹಾಗೆ. ಬೆಳಗಾಗುವಾಗ ಅರ್ಧ ಗಂಟೆ, ಹೊತ್ತು ಮುಳುಗುವಾಗ ಅರ್ಧ ಗಂಟೆ, ಆಕಾಶದ ಅಯಾನು ಪದರ ಕನ್ನಡಿಯಂತಾಗಿ ಅವನ ದನಿಯನ್ನು ಸಾವಿರಾರು ಮೈಲಿ ಈಚೆಗೆ ಎಸೆಯುತ್ತದೆ. ಡಾಕ್ಟರ ರೇಡಿಯೋ ಸಂಘದ ಹನ್ನೆರಡು ಮಂದಿ ಸದಸ್ಯರಲ್ಲಿ ಹನ್ನೊಂದು ಜನ ತಮ್ಮ ತಮ್ಮ ಊರಲ್ಲಿ ಕೂತು ಅವನನ್ನು ಸಂಜೆ ಹೊತ್ತು ಹಿಡಿದಾಗಿತ್ತು. ಸಂಜೆ ಡಾಕ್ಟರ ಕೈ ಯಾರದೋ ಬಾಯೊಳಗಿರುತ್ತಿತ್ತು. ಅವರ ಪಾಲಿಗೆ ಉಳಿದದ್ದು ಬೆಳಗಿನ ಅರ್ಧ ಗಂಟೆ. ಅದೂ ಈ ತಿಂಗಳ ಕೊನೆವರೆಗೆ. ಆಮೆ ನಿವೃತ್ತನಾಗಿ ದ್ವೀಪ ಬಿಡುವವನಿದ್ದ.

ನಾಲ್ಕು ವರ್ಷ ಒದ್ದಾಡಿ ಹೊಸ ಆಂಟೆನಾ ಕಟ್ಟಿ, ಇನ್ನೇನು ಕೈಗೆ ಬಂದ ತುತ್ತು ಬಾಯಿಗೆ ಬಂತು ಎನ್ನುವಾಗ ಅತ್ತೆ ಬಂದಿಳಿದರು. ಮರುದಿನ ಬೆಳಗ್ಗೆಯೇ ಗೊರಗೊರ ಶುರು.

ಅತ್ತೆ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಜೊತೆಗೆ ತಂದದ್ದು ಒಂದು ಚೀಲ ಬಟ್ಟೆ, ನಾಲ್ವರು ಸೇರಿ ಎತ್ತಿದ ಒಂದು ಟ್ರಂಕು. ಅದರೊಳಗೆ ಮಂಡಿನೋವಿನ ಯಂತ್ರ ಇದೆ ಎಂದರು. ಬಟ್ಟೆ ಒಣಹಾಕಲು ತಾರಸಿಯ ಸುತ್ತ ತಂತಿ ಬೇಕೆಂದರು, ಅದೂ ತಾಮ್ರದ್ದೇ. ಡಾಕ್ಟರು ಎಳೆಸಿಕೊಟ್ಟರು. ಅಷ್ಟುದ್ದದ ತಂತಿಯಲ್ಲಿ ಅತ್ತೆ ದಿನಕ್ಕೊಂದು ಕರವಸ್ತ್ರ ಒಣಹಾಕುತ್ತಿದ್ದರು.

ಹೆಂಡತಿಯ ಚಿಂತೆಯೇ ಬೇರೆ. ಅಮ್ಮನ ತಲೆ ನೆಟ್ಟಗಿಲ್ಲ ಎಂಬುದು ಅವಳ ಅನುಮಾನ. ಮೊನ್ನೆ ಊಟಕ್ಕೆ ಕೂತವರು ತುತ್ತು ಕೈಯಲ್ಲಿ ಹಿಡಿದೇ ನಿಟ್ಟುಸಿರಿಟ್ಟು, “ನನ್ನ ಕುದುರೆ ಹೋಯ್ತು ಕಣೇ” ಅಂದಿದ್ದರು. ಆ ವಂಶದಲ್ಲಿ ಯಾರೂ ಕತ್ತೆಯನ್ನೂ ಸಾಕಿದವರಲ್ಲ. ನಿನ್ನೆ ಇನ್ನೊಂದು: “ಆ ಮುದುಕ ಮೂಲೆ ಸೇರ್ಕೊಂಡು ಕೂತಿದಾನೆ, ಹೊರಗೇ ಬರ್ತಿಲ್ಲ.” ಹೆಂಡತಿ ಹೋಗಿ ಬೀರುವಿನ ಹಿಂದೆ ಇಣುಕಿಯೂ ನೋಡಿದ್ದಳು. ಸೋಮವಾರಕ್ಕೆ ಮನೋವೈದ್ಯರ ಸಮಯ ಗೊತ್ತುಮಾಡಿದ್ದಳು.

ಡಾಕ್ಟರಿಗೆ ಅತ್ತೆಯ ತಲೆಗಿಂತ ಮಂಡಿಯ ಮೇಲೆ ಗುಮಾನಿ. ಬೆಳಗಿನ ಅದೇ ಅರ್ಧ ಗಂಟೆ ಅವರ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಯಂತ್ರದ ಬದಲು ಇರಲಿ ಎಂದು ಬಿಸಿನೀರಿನ ಚೀಲ ತಂದುಕೊಟ್ಟರು. ಅತ್ತೆ ಸಂತೋಷವಾಗಿ ತೆಗೆದುಕೊಂಡರು. ಗೊರಗೊರ ನಿಲ್ಲಲಿಲ್ಲ.

ಹದಿನೆಂಟನೆಯ ಬೆಳಗ್ಗೆ ಡಾಕ್ಟರು ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು. ಫ್ರಿಜ್ಜು ಒಮ್ಮೆ ನಡುಗಿ ತೆಪ್ಪಗಾಯಿತು. ಅವರ ರೇಡಿಯೋ, ಕಂಪ್ಯೂಟರು ಬ್ಯಾಟರಿಯ ಮೇಲಿದ್ದವು. ಇನ್ನು ಅತ್ತೆಯ ಯಂತ್ರದ ಆಟ ಮುಗಿಯಿತೆಂದು ಪರದೆ ನೋಡಿದರೆ ಬಿಳಿ ಪಟ್ಟಿ ಗುಂಡುಕಲ್ಲಿನ ಹಾಗೆ ಕೂತಿತ್ತು.

ಆಗಲೇ ಅವರು ಅದನ್ನು ಮೊದಲ ಸಲ ನೆಟ್ಟಗೆ ನೋಡಿದ್ದು. ಪಟ್ಟಿ ನಡುನಡುವೆ ತುಂಡಾಗಿತ್ತು. ಒಂದು ಉದ್ದ, ಎರಡು ಗಿಡ್ಡ, ಮತ್ತೊಂದು ಗಿಡ್ಡ. ಹದಿನೇಳು ದಿನ ಕಸ ಎಂದು ಬೈದದ್ದು ಮೋರ್ಸ್! ಬರೆದುಕೊಳ್ಳುತ್ತ ಹೋದರು. ಒಂದು ಅಕ್ಷರ, ಒಂದು ಅಂಕಿ, ಒಂದು ಅಕ್ಷರ, ಒಂದು ಅಂಕಿ. ಅರ್ಥವಿಲ್ಲ. ಅರ್ಥವಿಲ್ಲದ ಸಂಕೇತ ಕಳಿಸುವವರು ಯಾರು? ಗೂಢಚಾರರು.

ಕಡೆಯ ಅಂಕಿ ಇನ್ನೂ ಮೂಡುತ್ತಿರುವಾಗಲೇ ಕೈರೇಡಿಯೋ ಹಿಡಿದು, ಬರಿಗಾಲಲ್ಲಿ ಮೆಟ್ಟಿಲಿಳಿದರು. ಅಡುಗೆಮನೆಯ ಹತ್ತಿರ ಸದ್ದು ಸಣ್ಣದಾಯಿತು. ನಡುಮನೆಯಲ್ಲಿ ಏರಿತು. ಅತ್ತೆಯ ಬಾಗಿಲ ಮುಂದೆ ಕಿವಿ ಹರಿಯುವಂತೆ ಅರಚಿತು. ಹೆಂಡತಿ ತೂಕಡಿಸುತ್ತ ಎದ್ದುಬಂದು ಏನು ಗಲಾಟೆ ಅಂದಳು.

“ನಿಮ್ಮಮ್ಮ ದೇಶದ್ರೋಹಿ,” ಎಂದರು ಡಾಕ್ಟರು, ಪಿಸುದನಿಯಲ್ಲಿ.

“ಅವರ ಜೊತೆ ನಿಮ್ಮನ್ನೂ ಸೋಮವಾರ ಕರ್ಕೊಂಡು ಹೋಗ್ತೀನಿ,” ಎಂದಳು ಅವಳು.

ಡಾಕ್ಟರು ಬಾಗಿಲು ತಳ್ಳಿದರು. ಟ್ರಂಕು ಬಾಯ್ದೆರೆದಿತ್ತು. ಒಳಗೆ ಸಾಲಾಗಿ ಲಾರಿ ಬ್ಯಾಟರಿಗಳು, ಕೊಡದಷ್ಟು ದಪ್ಪ ತಾಮ್ರದ ಸುರುಳಿ, ಅದರಿಂದ ಕಿಟಕಿಯಾಚೆ ಬಟ್ಟೆತಂತಿಗೆ ಹೋದ ಎಳೆ. ಅತ್ತೆ ಕನ್ನಡಕ ಮೂಗಿನ ತುದಿಗಿಳಿಸಿ, ಹಳೆಯ ಟೆಲಿಗ್ರಾಫ್ ಕೀಲಿಯ ಮೇಲೆ ಬೆರಳಿಟ್ಟು, ಕಣ್ಣು ಗಡಿಯಾರದ ಮೇಲೆ ನೆಟ್ಟು ಕೂತಿದ್ದರು. ಹೊರಗೆ ಬೆಳಕು ಹರಿಯಿತು. ಅವರು ಬೆರಳೆತ್ತಿದರು, ಡಾಕ್ಟರ ಕೈಯ ರೇಡಿಯೋ ಸುಮ್ಮನಾಯಿತು. ಯಾರಿಗೆ ಕಳಿಸ್ತಿದ್ದೀರಿ ಎಂದು ಡಾಕ್ಟರು ತೊದಲಿದರು.

“ದ್ವೀಪದ ದೀಪಸ್ತಂಭದವನಿಗೆ,” ಎಂದರು ಅತ್ತೆ, ಮಂಚದ ಮೇಲಿನ ಮಣೆಯಲ್ಲಿ ಒಂದು ಕಾಯಿ ಮುಂದೆ ಸರಿಸುತ್ತ. “ಬೆಳಗ್ಗೆ ನನ್ನ ನಡೆ, ಸಂಜೆ ಅವನದು. ಆರು ವರ್ಷದಲ್ಲಿ ಇದು ನಲವತ್ತೆಂಟನೇ ಚದುರಂಗ, ಇದೊಂದು ಗೆದ್ರೆ ಸಮ.”